ರೇವಣಸಿದ್ದಯ್ಯನವರ ಪರದೇಶ ಪ್ರಯಾಣ

"ಅಪ್ಪಾಜಿ ಇವತ್ತು ಪೋಲೆಂಡಿಗೆ ಹೋಗಿದ್ರು ಕಣೆ."

ಸಂಜೆ ಫೋನೆತ್ತಿದರೆ ಹಲೋ ಇಲ್ಲ, ಹೇಗಿದೀಯ ಇಲ್ಲ, ಹೀಗೇ ಶುರು. ನಾನು ಮಲ್ಲೇಶ್ವರದ ನನ್ನ ಕ್ಲಿನಿಕ್ಕಿನಲ್ಲಿ ಯಾರದೋ ಮಗುವಿನ ಬಾಯಿಗೆ ಟಾರ್ಚು ಬಿಟ್ಟುಕೊಂಡು ಕೂತಿರುತ್ತೇನೆ, ಹೊರಗೆ ಬೆಂಚಿನ ತುಂಬ ಕೆಮ್ಮುವ ಜನ. ಆದರೂ ಕೇಳುತ್ತೇನೆ, "ಅಲ್ಲಿ ಸಿಕ್ಕಾಪಟ್ಟೆ ಚಳಿ ಅಲ್ವೇನೇ? ಸ್ವೆಟರ್ ಹಾಕ್ಕೊಂಡಿದ್ರಾ?" ಆ ಕಡೆಯಿಂದ ಒಂದು ಸಣ್ಣ ನಗು. "ಪಂಚೆ, ಕರೀ ಕೋಟು, ಅಷ್ಟೇ. ನನ್ ಮಾತೆಲ್ಲಿ ಕೇಳ್ತಾರೆ ಅವರು." ಅಲ್ಲಿಗೆ ಫೋನ್ ಇಡುತ್ತಾಳೆ.

ಈ ಅಪ್ಪಾಜಿ ಎಂದರೆ ತರಗುಪೇಟೆಯ ಬೇಳೆಕಾಳು ವ್ಯಾಪಾರಿ ರೇವಣಸಿದ್ದಯ್ಯನವರು. ತೀರಿಕೊಂಡು ಬಹಳ ವರ್ಷಗಳಾದವು. ಬದುಕಿದ್ದಾಗ ಅವರು ಕಂಡ ಅತಿ ದೂರದ ಊರು ಶ್ರೀಶೈಲ. ಅಲ್ಲೂ ದೇವರ ಮುಂದೆ ನಿಂತು ಗೋಡೌನಿನ ಬೀಗ ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಒದ್ದಾಡಿದವರು. ಅಂಥವರು ಸತ್ತ ಮೇಲೆ ವಾರಕ್ಕೊಂದು ದೇಶ ಸುತ್ತುತ್ತಿದ್ದರು, ಅದರ ವರದಿ ನನಗೆ ತಪ್ಪದೆ ಬರುತ್ತಿತ್ತು.

ವರದಿ ಕೊಡುತ್ತಿದ್ದವಳು ಅವರ ಒಬ್ಬಳೇ ಮಗಳು, ಡಾಕ್ಟರ್ ಆರ್. ತ್ರಿಪುರಸುಂದರಿ. ನನಗೆ ಬರೀ ತ್ರಿಪುರ. ಮೆಡಿಕಲ್ ಕಾಲೇಜಿಗೆ ಒಂದೇ ವರ್ಷ ಸೇರಿದವರು ನಾವು. ಓದು ಮುಗಿದ ಮೇಲೆ ನಾನು ಜ್ವರ, ನೆಗಡಿ, ವಾಂತಿ, ಭೇದಿ ಎಂದು ಬದುಕು ಕಂಡುಕೊಂಡೆ. ಅವಳು ಕಾಲೇಜಿನಲ್ಲೇ ಉಳಿದು ಶ್ವಾಸಕೋಶದ ಸಂಶೋಧನೆಗೆ ಬಿದ್ದಳು. ಬಿದ್ದಳು ಎಂದೇ ಹೇಳಬೇಕು, ಮತ್ತೆ ಮೇಲೇಳಲಿಲ್ಲ. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ನನ್ನನ್ನು ಕೇಳಬೇಡಿ. ನಾನೇ ಒಂದು ಸಲ ಕೇಳಿ, "ಆಂಡಾಳ್, ನಿನ್ ಕೆಲಸ ನೋಡ್ಕೋ" ಎಂದು ಉಗಿಸಿಕೊಂಡವಳು.

ಚಾಮರಾಜಪೇಟೆಯಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗಡೆ ಟ್ಯೂಷನ್ ನಡೆಸುವವರಿಗೆ ಬಾಡಿಗೆ ಕೊಟ್ಟು ತಾನು ಮಹಡಿಯಲ್ಲಿದ್ದಾಳೆ. ಸಂಜೆ ಮಕ್ಕಳ ಗಲಾಟೆ ಇರುವಷ್ಟು ಹೊತ್ತು ಸುಮ್ಮನೆ ಮೆಟ್ಟಿಲ ಮೇಲೆ ಕೂತು ಕೇಳುತ್ತಾಳೆ. ಅವು ಹೋದ ಮೇಲೆ ಎದ್ದು ಒಳಗೆ ಹೋಗಿ ಟಿ.ವಿ. ಹಾಕುತ್ತಾಳೆ. ನೋಡುವುದಕ್ಕಲ್ಲ, ಮನೆಯಲ್ಲಿ ಏನಾದರೂ ಸದ್ದಿರಲಿ ಎಂದು. ಒಂದು ಲೋಟ ಅಕ್ಕಿ ಇಟ್ಟರೆ ಅದು ಮಾರನೆಯ ದಿನದ ಚಿತ್ರಾನ್ನಕ್ಕೂ ಮಿಗುತ್ತದೆ. ನೆಂಟರು ಬಾಳೆಹೊನ್ನೂರಲ್ಲೋ ತುಮಕೂರಲ್ಲೋ ಇದ್ದಾರೆ, ಮದುವೆಗೆ ಕರೆಯುವುದಕ್ಕಷ್ಟೇ ಬರುತ್ತಾರೆ. ನಾನಾದರೂ ಏನು, ಗಂಡ, ಅತ್ತೆ, ಕ್ಲಿನಿಕ್ಕು ಎಂದು ತಿಂಗಳಿಗೊಮ್ಮೆ ಹೋದರೆ ಹೆಚ್ಚು.

ಈಗ ಆ ಪೋಲೆಂಡಿನ ವಿಷಯ ಬಿಡಿಸಿ ಹೇಳಿಬಿಡುತ್ತೇನೆ.

ತ್ರಿಪುರ ಚಿಕ್ಕಂದಿನಿಂದ ಅಪ್ಪನ ಅಂಗಡಿ ನೋಡಿಕೊಂಡು ಬೆಳೆದವಳು. ಲಾರಿಯಿಂದ ಮೂಟೆ ಇಳಿದಾಗ ಗೋಡೌನಿನಲ್ಲಿ ಏಳುವ ದೂಳು ನೋಡಬೇಕು, ಎದುರಿನವರ ಮುಖ ಕಾಣುವುದಿಲ್ಲ. ಅದರೊಳಗೆ ಬೆನ್ನು ಬಗ್ಗಿಸಿ ಓಡಾಡುವ ಹಮಾಲಿಗಳಿಗೆ ನಲವತ್ತು ದಾಟುವ ಮೊದಲೇ ಏದುಸಿರು. ಎಲ್ಲರೂ ಬೀಡಿ ಎನ್ನುತ್ತಿದ್ದರು. ಇವಳಿಗೆ ಅದು ಬೇಳೆಯ ಹೊಟ್ಟಿನ ದೂಳು ಎಂಬ ಅನುಮಾನ. ಅನುಮಾನವಿದ್ದರೆ ಸಾಲದು, ಆ ಗಂಡಸರನ್ನು ಸಾಲಾಗಿ ನಿಲ್ಲಿಸಿ ಉಸಿರಿನ ಬಲ ಅಳೆಯುವ ಯಂತ್ರದಲ್ಲಿ ಊದಿಸಬೇಕು, ವರ್ಷಗಟ್ಟಲೆ ಊದಿಸುತ್ತಲೇ ಇರಬೇಕು. ತರಗುಪೇಟೆಯಲ್ಲಿ ಯಾವ ಮಂಡಿಯವನು ಅದಕ್ಕೆ ಬಾಗಿಲು ತೆಗೆಯುತ್ತಾನೆ? ನಾಳೆ ಲೇಬರ್ ಆಫೀಸಿನವರು ಬಂದು ವಕ್ಕರಿಸಿದರೆ?

ಬಾಗಿಲು ತೆಗೆದವರು ಅಪ್ಪಾಜಿ ಒಬ್ಬರೇ. ತೆಗೆದದ್ದಕ್ಕೆ ಸರಿಯಾಗಿಯೇ ಅನುಭವಿಸಿದರು. ಅಕ್ಕಪಕ್ಕದ ಅಂಗಡಿಯವರು ಮಾತು ಬಿಟ್ಟರು. ಬೆಳಿಗ್ಗೆ ಒಟ್ಟಿಗೆ ನಿಂತು ಕಾಫಿ ಕುಡಿಯುತ್ತಿದ್ದ ಗುಂಪು ಇವರನ್ನು ಕಂಡರೆ ಲೋಟ ಕೆಳಗಿಟ್ಟು ಚದುರುತ್ತಿತ್ತು. ಇವರು ಒಬ್ಬರೇ ನಿಂತು ಕುಡಿದು, ದುಡ್ಡು ಕೊಟ್ಟು, ಅಂಗಡಿಗೆ ಬಂದು ಕೂರುತ್ತಿದ್ದರು. ಮಗಳ ಮುಂದೆ ಒಂದು ದಿನವೂ ತುಟಿ ಬಿಚ್ಚಲಿಲ್ಲ. ಅವಳಿಗೆ ಇದೆಲ್ಲ ಗೊತ್ತಾದದ್ದು ಹಮಾಲಿಗಳ ಬಾಯಿಂದ.

ಅವಳ ಅನುಮಾನ ನಿಜವಾಗಿ, ಸಂಶೋಧನೆಯ ಪೇಪರು ಸಿದ್ಧವಾಯಿತು. ವಿದೇಶದ ದೊಡ್ಡ ಪತ್ರಿಕೆಯೊಂದು ಒಪ್ಪಿಯೂ ಒಪ್ಪಿತು. ಆದರೆ ಅವರದ್ದೊಂದು ತಕರಾರು, ಹೆಸರಿನ ಜೊತೆ ಮನೆತನದ ಹೆಸರು ಎಲ್ಲಿ? ನಮ್ಮ ಕಡೆ ಎಲ್ಲಿಂದ ತರುವುದು ಮನೆತನದ ಹೆಸರು! ಇನಿಷಿಯಲ್ ಒಂದಿದ್ದರೆ ಜೀವನ ಸಾಗುತ್ತದೆ ಇಲ್ಲಿ. ಬರೀ ಆರ್ ಎಂದರೆ ಅವರು ಕೇಳಲಿಲ್ಲ. ಇವಳು ಆ ಆರ್ ಅನ್ನು ಬಿಡಿಸಿ, ತ್ರಿಪುರಸುಂದರಿ ರೇವಣಸಿದ್ದಯ್ಯ ಎಂದು ಬರೆದು ಕಳಿಸಿದಳು. ಆ ಕಡೆಯ ಪದ್ಧತಿಯಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ಹೆಸರು, ಮುಂದಿನದು ಬರೀ ಒಂದಕ್ಷರ. ಹಾಗಾಗಿ ಜಗತ್ತಿನ ಪಾಲಿಗೆ ಆ ಪೇಪರು ಬರೆದದ್ದು ಯಾರೋ ಒಬ್ಬ ಡಾಕ್ಟರ್ ರೇವಣಸಿದ್ದಯ್ಯ.

ಅಚ್ಚಾದ ಪ್ರತಿ ಮನೆಗೆ ಬಂದ ದಿನ ಅಪ್ಪಾಜಿ ಕನ್ನಡಕ ಹಾಕಿಕೊಂಡು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ತಮ್ಮ ಹೆಸರು ಓದಿದರಂತೆ. "ನನ್ ಹೆಸ್ರು ಯಾಕ್ ಹಾಕ್ದೆ ತಾಯಿ?" ಎಂದರಂತೆ. ಇವಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ತುಂಬಿಬಿಟ್ಟಿತ್ತು. ಅದನ್ನು ದೇವರ ಮನೆಯಲ್ಲಿಟ್ಟು ವಿಭೂತಿ ಹಚ್ಚಿ, ಮಾರನೆಯ ಬೆಳಿಗ್ಗೆ ಕೋಟಿನ ಜೇಬಿಗೆ ಸೇರಿಸಿಕೊಂಡು ಕಾಫಿ ಹೋಟೆಲಿಗೆ ಹೋದರು. ಆ ಗುಂಪಿನ ಎದುರಿಗೇ ನಿಂತು ತೆಗೆದು ಓದಿಕೊಂಡರಂತೆ. ಆಮೇಲೆ ಎಲ್ಲರೂ ಮೆಲ್ಲಗೆ ಮಾತು ಶುರು ಮಾಡಿದರು, ಒಬ್ಬೊಬ್ಬರೇ ಗೋಡೌನಿಗೆ ದೂಳೆಳೆಯುವ ಫ್ಯಾನೂ ಹಾಕಿಸಿದರು.

ಪೇಪರು ಎಂದರೆ ಬರೆದು ಮುಗಿಯುವ ವಸ್ತುವಲ್ಲ. ಮುಂದೆ ಬೇರೆ ಯಾರಾದರೂ ಅದೇ ವಿಷಯ ಬರೆಯುವಾಗ, ಇಂಥವರು ಇಂಥದ್ದನ್ನು ಮೊದಲೇ ತೋರಿಸಿದ್ದಾರೆ ಎಂದು ಹೆಸರು ಹೇಳಬೇಕು. ಸೈಟೇಶನ್ ಎಂದರೆ ಇದೇ. ಎಷ್ಟು ಜನ ನಿಮ್ಮ ಹೆಸರು ಹೇಳಿದರು ಎಂಬುದರ ಮೇಲೆ ನಿಮ್ಮ ತೂಕ. ನಾನೂ ಎರಡು ಪೇಪರು ಬರೆದಿದ್ದೇನೆ ಸ್ವಾಮಿ. ಮೊದಲನೆಯದರ ಹೆಸರು ಹೇಳಿದ್ದು ಎರಡನೆಯದು ಮಾತ್ರ, ಎರಡನೆಯದರ ಹೆಸರು ಇಲ್ಲಿಯವರೆಗೆ ಯಾರೂ ಹೇಳಿಲ್ಲ. ಆದರೆ ಗೋಡೌನಿನ ಆ ಪೇಪರಿನ ಹೆಸರು ಐನೂರಕ್ಕೂ ಹೆಚ್ಚು ಕಡೆ ಬಂತು, ಇನ್ನೂ ಬರುತ್ತಲೇ ಇದೆ. ಹಿಟ್ಟಿನ ಗಿರಣಿ, ಹತ್ತಿ ಮಿಲ್ಲು, ಬಂದರಿನ ಉಗ್ರಾಣ, ಎಲ್ಲೆಲ್ಲಿ ದೂಳಿದೆಯೋ ಅಲ್ಲೆಲ್ಲ ರೇವಣಸಿದ್ದಯ್ಯ.

ಆ ಲೆಕ್ಕ ಇಡುವ ವೆಬ್‌ಸೈಟಿನಲ್ಲಿ ತ್ರಿಪುರ ಅಪ್ಪನ ಹೆಸರಿಗೆ ಒಂದು ಅಲರ್ಟ್ ಹಾಕಿಟ್ಟಿದ್ದಳು. ಯಾವುದಾದರೂ ದೇಶದಲ್ಲಿ ಯಾರಾದರೂ ಆ ಪೇಪರು ನೆನೆದರೆ ಇವಳ ಫೋನು ಟಿಂಗ್ ಎನ್ನುತ್ತದೆ, "ರೇವಣಸಿದ್ದಯ್ಯ ಅವರನ್ನು ಉಲ್ಲೇಖಿಸಲಾಗಿದೆ". ಇವಳು ಕಾಫಿ ಬೆರೆಸಿಕೊಂಡು, ಯಾವ ಊರು, ಬರೆದವರು ಯಾರು ಎಂದೆಲ್ಲ ನಿಧಾನವಾಗಿ ನೋಡಿ, ನನಗೆ ಫೋನ್ ಮಾಡುವುದು. ಈಜಿಪ್ಟು, ಬ್ರೆಜಿಲ್, ವಿಯೆಟ್ನಾಂ, ನಾರ್ವೆ. ಒಂದು ಸಲ ಪಾಕಿಸ್ತಾನಕ್ಕೂ ಹೋಗಿ ಬಂದರು. ವೀಸಾ ಯಾರು ಮಾಡಿಸಿದರು ಎಂದು ನಾನು ರೇಗಿಸಿದ್ದೆ.

ಇಷ್ಟರಲ್ಲಿ ಒಂದು ಎಡವಟ್ಟಿತ್ತು, ಅದು ನನ್ನ ಕಣ್ಣಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ತ್ರಿಪುರ ಆಮೇಲೆ ಬರೆದ ಪೇಪರುಗಳೆಲ್ಲ ಇಲ್ಲಿನ ಪತ್ರಿಕೆಗಳಲ್ಲಿ ಆರ್. ತ್ರಿಪುರಸುಂದರಿ ಎಂದೇ ಬಂದವು. ಕಂಪ್ಯೂಟರಿಗೇನು ಗೊತ್ತು? ಅದರ ಪ್ರಕಾರ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಒಂದೇ ಪೇಪರು ಬರೆದು ಲೋಕಪ್ರಸಿದ್ಧರಾದ ರೇವಣಸಿದ್ದಯ್ಯ ಒಬ್ಬರು. ಹತ್ತಾರು ಪೇಪರು ಬರೆದೂ ಅಷ್ಟಾಗಿ ಯಾರೂ ಕೇಳದ ತ್ರಿಪುರಸುಂದರಿ ಇನ್ನೊಬ್ಬರು. "ಎರಡನ್ನೂ ಸೇರಿಸ್ಕೊಳ್ಳೇ, ನಿನ್ನ ದುಡಿಮೆ ಅಲ್ವಾ?" ಎಂದು ಎಷ್ಟೋ ಸಲ ಅವಳ ತಲೆ ತಿಂದಿದ್ದೇನೆ. "ಇರ್ಲಿ ಬಿಡೆ, ಅವಸರ ಏನೀಗ" ಎನ್ನುವುದೇ ಅವಳ ಉತ್ತರ.

ಅವಸರ ಹೋದ ವರ್ಷ ಬಂತು.

ರಿಟೈರಾದ ಮೇಲೂ ಕಾಲೇಜಿನವರು ಅವಳಿಗೆ ಎರಡನೇ ಮಹಡಿಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಸಂಬಳವಿಲ್ಲ. ಒಂದು ಮೇಜು, ಹಳೆಯ ಊದುವ ಯಂತ್ರ, ಕಿಟಕಿಯ ಹೊರಗೆ ಹೊಂಗೆ ಮರ. ಬೆಳಿಗ್ಗೆ ಹೋದರೆ ಗೇಟಿನವನು ನಮಸ್ಕಾರ ಮೇಡಂ ಎನ್ನುತ್ತಾನೆ. ಕ್ಯಾಂಟೀನಿನವನು ಸಕ್ಕರೆ ಕಮ್ಮಿ ತಾನೇ ಎಂದು ಕೇಳುತ್ತಾನೆ. ಓದುವ ಹುಡುಗಿಯರು ಏನಾದರೂ ಅನುಮಾನ ಹಿಡಿದುಕೊಂಡು ಬರುತ್ತಾರೆ. ಅವಳ ದಿನವೆಂದರೆ ಅಷ್ಟೇ. ಆ ಕೋಣೆ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಸೀರೆಯುಟ್ಟು ಹೋಗುವುದಕ್ಕೆ ಅವಳಿಗೆ ಜಾಗವಿಲ್ಲ.

ಈಗ ಹೊಸ ನಿಯಮ ಬಂತು. ಹೊರಗಿನ ಕಮಿಟಿಯೊಂದು ಕೂತು, ರಿಟೈರಾದವರ ಸೈಟೇಶನ್ ನೋಡಿ, ತೂಕವಿದ್ದವರಿಗೆ ಮಾತ್ರ ಕೋಣೆ, ಉಳಿದವರು ಖಾಲಿ ಮಾಡಬೇಕು. ತ್ರಿಪುರ ತನ್ನ ಪೇಪರುಗಳ ಜೊತೆ ಗೋಡೌನಿನದನ್ನೂ ಸೇರಿಸಿ ಕೊಟ್ಟಳು. ಡೀನ್ ಅನಿಲ್ ಕುಮಾರ್ ಕರೆಸಿದ. ಇವಳ ಕೈಕೆಳಗೆ ಓದಿದ ಹುಡುಗನೇ. ಈಗ ತಲೆ ನರೆತಿದೆ, ಆದರೂ ಇವಳ ಮುಂದೆ ಕೂರುವುದಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ. ಈ ರೇವಣಸಿದ್ದಯ್ಯ ಅನ್ನೋ ಡಾಕ್ಟ್ರು ಯಾರು? ಅವರ ಪೇಪರ್ ನೀವು ಯಾಕ್ ಹಾಕಿದೀರಾ ಅಂತ ಕಮಿಟಿಯೋರು ಕೇಳ್ತಿದಾರೆ."

"ನಮ್ಮ ತಂದೆ ಕಣಪ್ಪಾ."

"ಓ, ಅವರೂ ಡಾಕ್ಟ್ರಾ ಮೇಡಂ?"

"ಅಲ್ಲಪ್ಪ. ಬೇಳೆ ಮಾರ್ತಿದ್ರು."

ಅವನು ಪಿಳಿಪಿಳಿ ಕಣ್ಣು ಬಿಟ್ಟನಂತೆ. ಇವಳು ವಿವರಿಸಿದ ಮೇಲೆ ಪಾಪ ನಾಚಿಕೊಂಡ. ಆದರೆ ಕಮಿಟಿಯವರಿಗೆ ಇವಳ ಬಾಯಿಮಾತು ಸಾಲದು. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಅದನ್ನು ವೆಬ್‌ಸೈಟಿನವರಿಗೆ ಕಳಿಸಿ, ಎರಡು ಹೆಸರನ್ನೂ ಒಂದಾಗಿಸಬೇಕು. ಒಂದಾದರೆ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಅಲ್ಲಿ ಹೊಸ ಯಂತ್ರವೊಂದು ಬಂದು ಕೂರುತ್ತದೆ. ವಿಷಯ ಕೇಳಿ ನನಗೆ ಮೈ ಉರಿದುಹೋಯಿತು. ತನ್ನ ಜೀವ ತೇದು ಮಾಡಿದ ಕೆಲಸಕ್ಕೆ ಇವಳು ಛಾಪಾ ಕಾಗದದ ಮೇಲೆ ಸಾಕ್ಷಿ ಕೊಡಬೇಕಂತೆ!

ಉರಿದರೂ ನಾನೇ ಕರೆದುಕೊಂಡು ಹೋದೆ. ಉಪ್ಪಾರಪೇಟೆಯಲ್ಲಿ, ಲಾಡ್ಜೊಂದರ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ನೋಟರಿ ಶಂಭುಲಿಂಗಪ್ಪ ಕೂರುತ್ತಾರೆ. ನಮ್ಮ ಊರಿನಲ್ಲಿ ಈ ಅಫಿಡವಿಟ್ಟು ದಿನಬೆಳಗಾದರೆ ಆಗುವಂಥದ್ದು. ಆಧಾರಿನಲ್ಲಿ ಅಪ್ಪನ ಹೆಸರು ಮುಂದೆ, ಪಾಸ್‌ಪೋರ್ಟಿನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ಲು. ಅರ್ಧ ಬೆಂಗಳೂರು ತಾನು ತಾನೇ ಎಂದು ಪ್ರಮಾಣ ಮಾಡಿದೆ. ಶಂಭುಲಿಂಗಪ್ಪ ಇವಳ ಹೆಸರು ತುಂಬಿ, ಪ್ರಿಂಟು ತೆಗೆದು, ಪದ್ಧತಿಯಂತೆ ಗಟ್ಟಿಯಾಗಿ ಓದಿದರು.

"ಮೇಲ್ಕಂಡ ಎರಡೂ ಹೆಸರುಗಳು ನನ್ನವೇ ಆಗಿದ್ದು, ಸದರಿ ರೇವಣಸಿದ್ದಯ್ಯ ಎಂಬ ಹೆಸರಿನ ಬೇರೆ ವ್ಯಕ್ತಿ ಯಾರೂ ಇರುವುದಿಲ್ಲವೆಂದು ಈ ಮೂಲಕ ಪ್ರಮಾಣ ಮಾಡುತ್ತೇನೆ. ಇಲ್ಲಿ ಸೈನ್ ಹಾಕಿ ಅಮ್ಮ."

ತ್ರಿಪುರ ಪೆನ್ನು ತೆಗೆದುಕೊಂಡವಳು ಹಾಗೇ ನಿಂತಳು. "ಬೇರೆಯವರು ಯಾರೂ ಇಲ್ಲ ಅಂತ ಯಾಕ್ ಬರೆದಿದೀರಿ? ಇದ್ರಲ್ಲ, ನಮ್ ತಂದೆ."

"ತೀರ್ಕೊಂಡಿದಾರೆ ಅಂದ್ರಲ್ಲಮ್ಮ."

"ಹೌದು."

"ಮತ್ತೆ? ಇರುವುದಿಲ್ಲ ಅನ್ನೋದು ಸರೀನೇ ಆಯ್ತಲ್ಲ. ಆ ಲೈನ್ ಇಲ್ದೆ ಯಾರೂ ತಗೊಳಲ್ಲಮ್ಮ, ಬೇಗ ಹಾಕಿ, ಜನ ಕಾಯ್ತಿದಾರೆ."

ಅವರು ಒರಟಾಗಿಯೇನೂ ಹೇಳಲಿಲ್ಲ. ಆದರೆ ತ್ರಿಪುರ ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಾನು ಶಂಭುಲಿಂಗಪ್ಪನವರ ಕೈಗೆ ದುಡ್ಡು ತುರುಕಿ ಹಿಂದೆ ಓಡಿದೆ. ಫುಟ್‌ಪಾತಿನಲ್ಲಿ ಬೆಲ್ಟು ಮಾರುವವರ ಮಧ್ಯೆ ಅವಳ ತೋಳು ಹಿಡಿದು ನಿಲ್ಲಿಸಿದೆ.

"ತಲೆ ಕೆಟ್ಟಿದೆಯಾ ನಿನಗೆ? ಒಂದು ಸಾಲಿಗೋಸ್ಕರ ಕೋಣೆ ಕಳ್ಕೋತೀಯಾ? ನಿಮ್ಮಪ್ಪಾಜಿನೇ ಇದ್ದಿದ್ರೆ ನಿನ್ ಕೈ ಹಿಡಿದು ಸೈನ್ ಹಾಕಿಸಿರೋರು!"

"ಅದು ನಂಗೊತ್ತಿಲ್ವೇನೇ?" ಎಂದಳು. ಅವಳು ಬೀದಿಯಲ್ಲಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಎರಡೂ ಒಂದಾದ್ರೆ ಆ ಹೆಸರೇ ಇರಲ್ಲ ಆಂಡಾಳ್. ಅಲರ್ಟ್ ಬಂದ್ರೂ ನನ್ ಹೆಸರಲ್ಲೇ ಬರುತ್ತೆ. ಈಗ ವಾರಕ್ಕೊಂದು ಸಲ ಆದ್ರೂ ಯಾರೋ ಎಲ್ಲಿಂದಲೋ ಅಪ್ಪಾಜಿ ಹೆಸರು ಹೇಳ್ತಾರೆ. ಮನೇಲಿ ಇನ್ಯಾರಿದಾರೆ ಹೇಳೋಕೆ? ಅದೊಂದೇ ಕಣೆ ನನ್ನ ಹುಡುಕ್ಕೊಂಡು ಬರೋದು."

ಅವಳಿಗೆ ಎಳನೀರು ಕೊಡಿಸಿ ಆಟೋ ಹತ್ತಿಸಿದೆ. ಹತ್ತುವಾಗ, "ಕೋಣೆ ಇಲ್ದೆ ಇರಕ್ಕಾಗತ್ತಾ ಅಂತ ನೋಡ್ತೀನಿ. ಸೋಮವಾರದಿಂದ ಹೋಗಲ್ಲ" ಎಂದಳು. ಆಯ್ತು, ನೋಡು ತಾಯಿ ಎಂದೆ.

ಆ ವಾರ ನಾನು ಬೇಕೆಂದೇ ಫೋನ್ ಮಾಡಲಿಲ್ಲ. ಗುರುವಾರ ಬೆಳಿಗ್ಗೆ, ಕ್ಲಿನಿಕ್ಕಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತಿನಲ್ಲಿ, ಅವಳೇ ಮಾಡಿದಳು. ದನಿ ಒಡಕಲಾಗಿತ್ತು. ನೆಗಡಿಯೇನೇ ಎಂದು ಕೇಳಿದೆ.

"ನೆಗಡಿ ಅಲ್ಲ ಕಣೆ. ಸೋಮವಾರದಿಂದ ಮಾತಾಡಿದ್ದು ಗ್ಯಾಸ್ ಸಿಲಿಂಡರಿನೋನ ಜೊತೆ ಒಂದೇ. ಗಂಟಲು ಕಟ್ಕೊಂಡ್ಬಿಟ್ಟಿದೆ. ಬೆಳಿಗ್ಗೆ ಎದ್ದು ಸೀರೆ ಉಟ್ಕೊಂಡೆ, ಆಮೇಲೆ ಎಲ್ಲಿಗೆ ಅಂತ ಗೊತ್ತಾಗ್ಲಿಲ್ಲ. ಬರ್ತೀಯಾ? ಸೈನ್ ಹಾಕ್ಬಿಡ್ತೀನಿ."

ಬೆಂಚಿನಲ್ಲಿದ್ದವರ ಕೈಲಿ ಬೈಸಿಕೊಂಡು ಹೋದೆ. ಶಂಭುಲಿಂಗಪ್ಪ ಅದೇ ಕಾಗದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಇಂಥವರು ವಾಪಸು ಬಂದೇ ಬರುತ್ತಾರೆ ಎಂದು ಅವರಿಗೆ ಗೊತ್ತಿರಬೇಕು. ಈ ಸಲ ಗಟ್ಟಿಯಾಗಿ ಓದಲು ಹೊರಟಾಗ ತ್ರಿಪುರ, "ಓದೋದು ಬೇಡ ಸರ್" ಎಂದಳು. ಸಹಿ ಹಾಕಿದಳು. ಅವರು ಸೀಲು ಹೊಡೆದು, ಶಾಯಿ ಒಣಗಲಿ ಎಂದು ಊದಿ, "ಆಯ್ತಮ್ಮ, ಇನ್ಮೇಲೆ ನೀವೊಬ್ರೇ" ಎಂದು ಕೈಗೆ ಕೊಟ್ಟರು.

ವೆಬ್‌ಸೈಟಿನವರು ಕೆಲವೇ ದಿನಗಳಲ್ಲಿ ಎರಡನ್ನೂ ಸೇರಿಸಿದರು. ಕಮಿಟಿಯವರು ಇವಳ ಲೆಕ್ಕ ನೋಡಿ ಬೆರಗಾದರಂತೆ, ಆ ಕಾಲೇಜಿನಲ್ಲಿ ಅಷ್ಟು ತೂಕದವರು ಇನ್ನೊಬ್ಬರಿರಲಿಲ್ಲ. ಅನಿಲ್ ಕುಮಾರ್ ಚಿಕ್ಕದೊಂದು ಸಮಾರಂಭ ಮಾಡಿ ಶಾಲು ಹೊದಿಸಿದ. ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತು ಚೆನ್ನಾಗಿ ಚಪ್ಪಾಳೆ ತಟ್ಟಿದೆ. "ಇಷ್ಟು ವರ್ಷ ಈ ಹೆಸರನ್ನ ಎಲ್ಲಿ ಬಚ್ಚಿಟ್ಟಿದ್ರಿ ಮೇಡಂ?" ಎಂದು ಅವನು ಮೈಕಿನಲ್ಲಿ ಕೇಳಿದ. ಎಲ್ಲರೂ ನಕ್ಕರು. ತ್ರಿಪುರ ಶಾಲಿನ ಅಂಚು ಸರಿಪಡಿಸಿಕೊಂಡಳು. ಕೋಣೆಯ ಬಾಗಿಲಿಗೆ ಹೊಸ ಬೋರ್ಡು ಬಂತು. ಗೇಟಿನವನ ನಮಸ್ಕಾರ, ಸಕ್ಕರೆ ಕಮ್ಮಿಯ ಕಾಫಿ, ಹುಡುಗಿಯರ ಅನುಮಾನ, ಎಲ್ಲ ಇದ್ದ ಹಾಗೇ ಇವೆ.

ಸಂಜೆಯ ಫೋನು ಮಾತ್ರ ನಿಂತುಹೋಯಿತು.

ಮೊದಲು ನಾನು ಗಮನಿಸಲಿಲ್ಲ. ಆಮೇಲೆ ಆ ಹೊತ್ತಿಗೆ ಸರಿಯಾಗಿ ಕಣ್ಣು ಫೋನಿನ ಕಡೆ ಹೋಗತೊಡಗಿತು. ಯಾರ ಫೋನಾದರೂ ಬಂದರೆ ಅವಳದೇ ಎಂದು ಎತ್ತಿ, ಸಾಲ ಬೇಕಾ ಮೇಡಂ ಎನ್ನುವವರಿಗೆ ಬೈದು ಇಡುತ್ತಿದ್ದೆ. ಎರಡು ವಾರ ಕಾದೆ, ಮೂರು ವಾರ ಕಾದೆ. ಕೊನೆಗೆ ತಡೆಯಲಾರದೆ ನಾನೇ ಮಾಡಿದೆ. ಆ ಕಡೆ ಕೆಳಗಿನ ಮಕ್ಕಳ ಗಲಾಟೆ ಕೇಳುತ್ತಿತ್ತು, ಮೆಟ್ಟಿಲ ಮೇಲೆ ಕೂತಿದ್ದಳು.

"ಏನೇ, ಸುದ್ದಿನೇ ಇಲ್ಲ? ಯಾವ ಊರಿಂದಲೂ ಏನೂ ಬಂದಿಲ್ವಾ?"

"ಬಂದಿತ್ತಲ್ಲ. ಟರ್ಕಿಯಿಂದ."

"ಮತ್ತೆ ಹೇಳ್ಳೇ ಇಲ್ಲ! ಯಾರು ಹೋಗಿದ್ರು?"

"ನಾನೇ."

ಹಳೆಯ ಆಟವನ್ನೇ ಮುಂದುವರಿಸೋಣ ಎಂದು, "ಹೇಗಿತ್ತೇ ಟರ್ಕಿ?" ಎಂದು ಕೇಳಿದೆ.

"ಒಬ್ಳೇ ಅಲ್ವೇನೇ, ಏನ್ ನೋಡೋದು" ಎಂದಳು ತ್ರಿಪುರ. "ಬೇಗ ವಾಪಸ್ ಬಂದ್ಬಿಟ್ಟೆ."